ಅಜ್ಜಿ ಮಣೆಯ ಇಪ್ಪತ್ತೆಂಟು

ಮೊದಲೇ ಹೇಳಿಬಿಡ್ತೇವೆ: ಈ ಬರಹದಲ್ಲಿ ‘ನಾವು’ ಅಂದರೆ ಭಾಷಣಗಳಲ್ಲಿ ಬರುವ ‘ನಾವು’ ಅಲ್ಲ. ನಾವು ನಿಜವಾಗಿಯೂ ಇಬ್ಬರು. ಅವಳಿ. ಒಂದೇ ಕಾಲೇಜು, ಒಂದೇ ವರ್ಷ, ಹಾಸ್ಟೆಲಲ್ಲಿ ಒಂದೇ ರೂಮು. ಬ್ರಾಂಚ್ ಮಾತ್ರ ಬೇರೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಹಾಗಾಗಿ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪುಗಳನ್ನು ಸಂಘದ ಸೀನಿಯರ್‌ಗಳು ತಿದ್ದಿದ್ದಾರೆ. ಅವರ ಕಣ್ಣು ತಪ್ಪಿಸಿ ಉಳಿದದ್ದೆಲ್ಲ ನಮ್ಮದೇ.

ಬರೆಯಲು ಹೊರಟದ್ದು ಒಂದು ಸಂಖ್ಯೆಯ ಬಗ್ಗೆ. 28. ಇದು ನಮಗೆ ಎರಡು ಕಡೆಯಿಂದ ಬಂತು. ಒಂದು ರಿಸಲ್ಟಿನಿಂದ, ಇನ್ನೊಂದು ಅಜ್ಜಿ ಮನೆಯ ಅಟ್ಟದಿಂದ.

2025ರ ಜುಲೈ. ಎರಡನೇ ಸೆಮಿಸ್ಟರಿನ ರಿಸಲ್ಟ್ ಬಂದ ದಿನ ನಾವು ಎಲ್ಲೂರಿನ ಅಜ್ಜಿ ಮನೆಯಲ್ಲಿದ್ದೆವು. ಎಲ್ಲೂರು ಅಂದ ಕೂಡಲೇ ಉಡುಪಿ ಕಡೆಯವರಿಗೆ ನೆನಪಾಗುವುದು ಎರಡು: ವಿಶ್ವೇಶ್ವರ ದೇವಸ್ಥಾನ ಮತ್ತು ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ. ಉಚ್ಚಿಲದಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಒಳಗೆ ಹೋಗಬೇಕು. ಮಳೆ ಬಿಟ್ಟಿದ್ದರೆ ದೂರದಲ್ಲಿ ಚಿಮಣಿ ಕಾಣ್ತದೆ, ಜೋರು ಮಳೆಗೆ ಅದೂ ಇಲ್ಲ. ಅಜ್ಜಿ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಒಂದೇ ಕೊಡೆಯ ಕೆಳಗೆ ನಿಂತು ಇಬ್ಬರೂ ರಿಸಲ್ಟ್ ನೋಡಿದೆವು.

ಗಣಿತದಲ್ಲಿ ಒಬ್ಬಳಿಗೆ 81. ಇನ್ನೊಬ್ಬಳಿಗೆ 28. ಪಾಸಾಗಲು ಬೇಕಿದ್ದದ್ದು 40.

ಯಾರಿಗೆ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅದು ನಮ್ಮೊಳಗಿನ ಒಪ್ಪಂದ. ಕ್ಲಾಸಿನವರಿಗೆ ಗೊತ್ತುಂಟು. ದಯವಿಟ್ಟು ಸುಮ್ಮನಿರಿ.

ಅದೇ ಸಂಜೆ ಅಮ್ಮನ ಫೋನ್ ಬಂತು. “ರಿಸಲ್ಟ್ ಬಂತಂತಲ್ಲ, ಎಂತಾಯ್ತು?” 81ರವಳು ಫೋನ್ ಹಿಡಿದಿದ್ದಳು. “ನಾವು ಪಾಸು ಅಮ್ಮ” ಅಂದಳು. 28ರವಳು ಪಕ್ಕದಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ. ಚಿಕ್ಕಂದಿನಿಂದ ನಮಗೆ ‘ನಾವು’ ಅಭ್ಯಾಸ. ನಾವು ಊಟ ಮಾಡಿದ್ದೇವೆ, ನಾವು ಹೋಮ್‌ವರ್ಕ್ ಮುಗಿಸಿದ್ದೇವೆ, ನಾವು ಒಡೆದದ್ದಲ್ಲ. ಒಬ್ಬಳು ಹೇಳಿದರೆ ಇಬ್ಬರೂ ಹೇಳಿದ ಲೆಕ್ಕ. ಆ ಶಬ್ದದೊಳಗೆ ಒಬ್ಬಳನ್ನು ಹೀಗೆ ಬಚ್ಚಿಡಬಹುದು ಅಂತ ನಮಗೆ ಗೊತ್ತಾದದ್ದು ಅವತ್ತೇ.

ರಾತ್ರಿ ಜಗಳವಾಯಿತು.

“ನನ್ನ ಪರವಾಗಿ ಸುಳ್ಳು ಹೇಳ್ಲಿಕ್ಕೆ ನಿನಗೆ ಯಾರು ಹೇಳಿದ್ದು?”

“ಮತ್ತೆ ನೀನೇ ಮಾತಾಡ್ಬೇಕಿತ್ತು. ಕಲ್ಲಿನ ಹಾಗೆ ನಿಂತದ್ದು ಯಾಕೆ?”

“ಎಂಬತ್ತೊಂದು ತೆಗೆದವಳಿಗೆ ಎಲ್ಲ ಸುಲಭ ಮಾರಾಯ್ತಿ.”

ಇನ್ನೂ ಏನೇನೋ ಆಯಿತು, ಅದು ಬೇಡ. ಮೂರು ದಿನ ನಾವು ಮಾತಾಡಲಿಲ್ಲ. ಒಂದೇ ಚಾಪೆಯಲ್ಲಿ ಬೆನ್ನು ಹಾಕಿ ಮಲಗಿದೆವು. ಹುಟ್ಟಿದ ಮೇಲೆ ಅಷ್ಟು ದಿನ ಮಾತು ಬಿಟ್ಟದ್ದು ಅದೇ ಮೊದಲು.

ಅಜ್ಜಿಗೆ ಹಿಂದಿನ ತಿಂಗಳಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿರುತ್ತಿದ್ದರು. ಬಗ್ಗುವ ಹಾಗಿಲ್ಲ, ಒಲೆಯ ಹತ್ತಿರ ಹೋಗುವ ಹಾಗಿಲ್ಲ. ಕಣ್ಣು ಸರಿ ಕಾಣದಿದ್ದರೂ ಮನೆಯೊಳಗೆ ಮಾತು ನಿಂತದ್ದು ಅವರಿಗೆ ಕೇಳಿಸಿತು. ಮೂರನೇ ದಿನ ಮಧ್ಯಾಹ್ನ ಕರೆಂಟೂ ಹೋಯಿತು. “ಮಕ್ಳೇ, ಅಟ್ಟದಿಂದ ಚೆನ್ನೆಮಣೆ ತೆಗೀರಿ. ಆಟಿ ಬಂದಿದೆ” ಅಂದರು. (ಅಜ್ಜಿ ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇವೆ.)

ಘಟ್ಟದ ಮೇಲಿನ ಓದುಗರಿಗಾಗಿ: ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳು, ಬಿಡದೆ ಮಳೆ ಸುರಿಯುವ ಕಾಲ. ಹೊರಗೆ ಕೆಲಸವಿಲ್ಲದ ಆ ದಿನಗಳಲ್ಲಿ ಆಡುವ ಆಟ ಚೆನ್ನೆ. ನೀವು ಅಳಗುಳಿ ಮಣೆ ಅನ್ನುವುದು ಇದರ ಬಂಧುವನ್ನೇ. ಅಜ್ಜಿಯದು ಹಲಸಿನ ಮರದ ಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು ಹದಿನಾಲ್ಕು. ಆಟ ಶುರು ಮಾಡುವಾಗ ಗುಳಿಗೆ ನಾಲ್ಕು ಕಾಯಿ. ನಮ್ಮಲ್ಲಿ ಕಾಯಿ ಅಂದರೆ ಮಂಜೊಟ್ಟಿ, ಕೆಂಪಗೆ ಹೊಳೆಯುವ ಬೀಜ. ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಇಟ್ಟಿದ್ದರು.

“ಎಣಿಸಿ” ಅಂದರು ಅಜ್ಜಿ. ನಾವು ಬಾಯಿ ತೆರೆಯುವ ಮೊದಲೇ ಅವರೇ ಮಗ್ಗಿ ಹೇಳಿದರು: “ಏಳ್ನಾಕ್ಲಿ ಇಪ್ಪತ್ತೆಂಟು. ನಿಮಗಿಷ್ಟು, ನನಗಿಷ್ಟು. ಒಟ್ಟು ಐವತ್ತಾರು ಬೇಕು.” ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಅಜ್ಜಿ ತಡವರಿಸದೆ ಹೇಳುವ ಕನ್ನಡ ಅಂದರೆ ಮಗ್ಗಿ. ನಮಗೆ ಕನ್ನಡದ ಮಗ್ಗಿ ಬರುವುದಿಲ್ಲ. ಮನಸ್ಸಿನಲ್ಲೇ ‘ಸೆವೆನ್ ಫೋರ್ಸ್ ಆರ್’ ಅಂತ ಹೇಳಿ ಆಮೇಲೆ ಕನ್ನಡ ಮಾಡಿಕೊಳ್ಳಬೇಕು.

ಎಣಿಸಿದರೆ ಐವತ್ತೈದು. ಒಂದು ಕಡಿಮೆ. ಅಟ್ಟ ಹುಡುಕಿದರೂ ಸಿಗಲಿಲ್ಲ. “ಒಂದು ಕಡಿಮೆ ಇದ್ರೆ ಆಟ ಇಲ್ಲ” ಅಂದ ಅಜ್ಜಿ ಕೊನೆಗೆ ಒಂದು ಹುಣಸೆ ಬೀಜ ತರಿಸಿ ಲೆಕ್ಕ ಸರಿ ಮಾಡಿದರು.

ಆದರೆ ಆಡುವುದು ಯಾರು ಅನ್ನುವುದೇ ತೊಂದರೆ. ತುಳುನಾಡಿನಲ್ಲಿ ಅಕ್ಕ-ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ಉಂಟು. ಕಾರಣ ಅಬ್ಬಗ-ದಾರಗರ ಕತೆ. ಸಿರಿ ಪಾಡ್ದನದಲ್ಲಿ ಬರುವ ಇವರೂ ಅವಳಿ, ಸಿರಿಯ ವಂಶದವರು, ಸೊನ್ನೆಯ ಮಕ್ಕಳು. ಹೆತ್ತವರಿಲ್ಲದ ಹೊತ್ತಿನಲ್ಲಿ ಚೆನ್ನೆ ಆಡಲು ಕೂತರು. ಆಟದಲ್ಲಿ ಜಗಳ ಹತ್ತಿ ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆದಳು, ತಂಗಿಯೋ ಅಕ್ಕನೋ ಸತ್ತಳು, ಹೊಡೆದವಳು ಬಾವಿಗೆ ಹಾರಿದಳು. ಚಿಕ್ಕಂದಿನಲ್ಲಿ ಈ ಕತೆಯನ್ನು ನಾವು ನೂರು ಸಲ ಕೇಳಿದ್ದೇವೆ. ಅವತ್ತು ಮಾತ್ರ ಕೇಳುವಾಗ ಇಬ್ಬರೂ ನೆಲ ನೋಡುತ್ತಿದ್ದೆವು. ಹೊರಗೆ ನಮ್ಮ ಬಾವಿಕಟ್ಟೆಯ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

ಅಜ್ಜಿ ದಾರಿ ಹುಡುಕಿದರು. “ಆಡುವುದು ನಾನು. ನನಗೆ ಕಣ್ಣು ಕಾಣುವುದಿಲ್ಲ, ಅದಕ್ಕೆ ನನ್ನ ಕೈ ಇವಳು. ಎದುರಿಗೆ ನೀನು.” ಹಾಗೆ ಶಾಸ್ತ್ರ ಮುರಿಯದೆ ನಮ್ಮನ್ನು ಎದುರುಬದುರು ಕೂರಿಸಿದರು. 28ರವಳು ಅಜ್ಜಿಯ ಕೈ. 81ರವಳು ಎದುರಾಳಿ.

ಚೆನ್ನೆಯಲ್ಲಿ ಬಗೆಬಗೆಯ ಆಟಗಳಿವೆ, ನಿಯಮ ಊರಿಂದ ಊರಿಗೆ ಬದಲಾಗುತ್ತದೆ. ಅಜ್ಜಿ ಮನೆಯ ಕ್ರಮ ಹೀಗೆ. ನಿಮ್ಮ ಸಾಲಿನ ಯಾವುದಾದರೂ ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಕಾಯಿ ಇದ್ದರೆ ಅದನ್ನೆತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದು ನಿಮ್ಮ ಸಂಪಾದನೆ, ಅಲ್ಲಿಗೆ ಆಟ ಎದುರಿನವರಿಗೆ. ಮಣೆ ಬರಿದಾದ ಮೇಲೆ ಇಬ್ಬರೂ ಗೆದ್ದ ಕಾಯಿಗಳಿಂದ ತಮ್ಮ ಸಾಲನ್ನು ಮತ್ತೆ ನಾಲ್ಕು ನಾಲ್ಕಾಗಿ ತುಂಬಬೇಕು. ಸೋತವರ ಹತ್ತಿರ ಇಪ್ಪತ್ತೇ ಇದ್ದರೆ ಐದೇ ಗುಳಿ ತುಂಬುತ್ತದೆ. ಉಳಿದ ಎರಡು ಖಾಲಿ. ಐದು ಗುಳಿಯಲ್ಲೇ ಮುಂದಿನ ಸುತ್ತು ಆಡಬೇಕು. ಒಂದು ಸುತ್ತು ಸೋತ ಮಾತ್ರಕ್ಕೆ ಯಾರೂ ಮಣೆ ಬಿಟ್ಟು ಏಳುವುದಿಲ್ಲ.

ಅಜ್ಜಿ ಕಣ್ಣು ಮುಚ್ಚಿಯೇ ಆಡಿದರು. “ಮೂರನೇ ಗುಳಿ ಎತ್ತು” ಅನ್ನುವರು, ಯಾವ ಗುಳಿಯಲ್ಲಿ ಎಷ್ಟಿದೆ ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು. ಮೂರು ಸುತ್ತಾಯಿತು. ಮೂರನೇ ಸುತ್ತಿನ ಕೊನೆಗೆ “ನಮ್ಮದು ಎಷ್ಟಾಯ್ತು, ಎಣಿಸು” ಅಂದರು. ಅಜ್ಜಿಯ ಕೈಯಾಗಿದ್ದವಳು ಎಣಿಸಿದಳು. ಇಪ್ಪತ್ತೆಂಟು. ಅಷ್ಟು ಹೇಳಿ ಅಳಲು ಶುರು ಮಾಡಿದಳು.

ಮತ್ತೆ ಎಲ್ಲ ಹೊರಗೆ ಬಂತು. ಫೇಲಾದದ್ದು, ಅಮ್ಮನಿಗೆ ಸುಳ್ಳು ಹೇಳಿದ್ದು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ಬಂತು?”

“ಇಪ್ಪತ್ತೆಂಟು.”

“ಇಪ್ಪತ್ತೆಂಟಾ?” ಅಂದರು, ಯಾರೋ ಒಳ್ಳೆ ಸುದ್ದಿ ಹೇಳಿದ ಹಾಗೆ. “ಮತ್ತೆಂತ ಅಳುವುದು? ಆಟ ಶುರು ಮಾಡ್ಲಿಕ್ಕೆ ಬೇಕಾದದ್ದು ಅಷ್ಟೇ ಅಲ್ವಾ.”

ನಮಗೆ ನಗು ಬಂತು. ಅಜ್ಜಿ ನಗಿಸಲು ಹೇಳಿದ್ದಲ್ಲ, ಅವರಿಗೆ 28 ಅಂದರೆ ನಿಜವಾಗಿಯೂ ಅಷ್ಟೇ: ಏಳು ಗುಳಿ ಪೂರ್ತಿ ತುಂಬಿದ ಸಾಲು.

ಇನ್ನು ಗಣಿತ. ಅವತ್ತು ರಾತ್ರಿ ಕರೆಂಟು ಬಂದಿರಲಿಲ್ಲ. 28ರವಳು ದೀಪದ ಬೆಳಕಿನಲ್ಲಿ ಮಣೆ ಎದುರಿಟ್ಟು ಕೂತಿದ್ದಳು. ಸ್ವಲ್ಪ ಹೊತ್ತಿಗೆ ತಟ್ಟಿ ಎಬ್ಬಿಸಿದಳು. ಮೂರು ದಿನದಲ್ಲಿ ಅವಳಾಡಿದ ಮೊದಲ ಮಾತು: “ಏಯ್, 28ರ ಫ್ಯಾಕ್ಟರ್ಸ್ ಹೇಳು.”

ಫ್ಯಾಕ್ಟರ್‌ಗೆ ಕನ್ನಡದಲ್ಲಿ ಅಪವರ್ತನ ಅನ್ನುತ್ತಾರೆ ಅಂತ ಈಗ ಕಲಿತಿದ್ದೇವೆ. 28ನ್ನು ಶೇಷವಿಲ್ಲದೆ ಭಾಗಿಸುವ, ತನಗಿಂತ ಚಿಕ್ಕ ಸಂಖ್ಯೆಗಳು ಐದು: 1, 2, 4, 7, 14. ಈಗ ಮಣೆ ನೋಡಿ. ಮಣೆ 1. ಆಡುವವರು 2. ಗುಳಿಗೆ ಕಾಯಿ 4. ಒಬ್ಬರ ಸಾಲಿನ ಗುಳಿ 7. ಒಟ್ಟು ಗುಳಿ 14. ಎಲ್ಲ ಕೂಡಿಸಿ: 1+2+4+7+14 = 28. ಒಬ್ಬ ಆಟಗಾರನ ಕಾಯಿ! ಅದಕ್ಕೆ 28ನ್ನೂ ಸೇರಿಸಿದರೆ 56, ಮಣೆಯ ಒಟ್ಟು ಕಾಯಿ.

ತನ್ನ ಅಪವರ್ತನಗಳನ್ನು (ತನ್ನನ್ನು ಬಿಟ್ಟು) ಕೂಡಿದಾಗ ಮತ್ತೆ ತಾನೇ ಬರುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ. ಇದು ಬಹಳ ಅಪರೂಪ. 10ನ್ನು ತೆಗೆದುಕೊಳ್ಳಿ: 1+2+5 = 8, ಎರಡು ಕಡಿಮೆ. 12: 1+2+3+4+6 = 16, ನಾಲ್ಕು ಜಾಸ್ತಿ. ನೂರರೊಳಗೆ ಹೆಚ್ಚೂ ಕಡಿಮೆಯೂ ಇಲ್ಲದೆ ಸರಿಯಾಗಿ ಕೂರುವುದು ಎರಡೇ, 6 ಮತ್ತು 28. ಆಮೇಲೆ 496, ಆಮೇಲೆ 8128. ಹತ್ತು ಸಾವಿರದೊಳಗೆ ಇಷ್ಟೇ. 81ನ್ನೂ ಪರೀಕ್ಷಿಸಿದೆವು. 1+3+9+27 = 40. “ನೋಡು, ನಿನ್ನ ಎಂಬತ್ತೊಂದರೊಳಗೆ ಇರುವುದು ಪಾಸ್ ಮಾರ್ಕ್ ಅಷ್ಟೇ” ಅಂದಳು 28ರವಳು. ಇನ್ನೊಬ್ಬಳ ಹತ್ತಿರ ಉತ್ತರ ಇರಲಿಲ್ಲ.

ಯಾಕೆ ಹೀಗೆ ಸರಿಹೋಗುತ್ತದೆ? ಕಾಯಿ ಜೋಡಿಸಿ ನೋಡಿದರೆ ಸುಲಭ. 1, 2, 4 ಕೂಡಿದರೆ 7. ಆ 7ಕ್ಕೆ ಮುಂದಿನ ಅಪವರ್ತನ 7 ಸೇರಿಸಿದರೆ 14. ಆ 14ಕ್ಕೆ ಮುಂದಿನ 14 ಸೇರಿಸಿದರೆ 28. ಮೆಟ್ಟಿಲು ಹತ್ತಿದ ಹಾಗೆ. ಇದನ್ನು ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆಯೇ ನಿಯಮವಾಗಿ ಬರೆದಿದ್ದಾನೆ. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಕೂಡಿಸಿ, ಮೊತ್ತ ಅವಿಭಾಜ್ಯ ಸಂಖ್ಯೆಯಾದರೆ ಅದನ್ನು ಕೊನೆಯ ಸಂಖ್ಯೆಯಿಂದ ಗುಣಿಸಿ, ಬಂದದ್ದು ಪರಿಪೂರ್ಣ. 1+2 = 3, ಕೊನೆಯದು 2, ಗುಣಿಸಿದರೆ 6. 1+2+4 = 7, ಕೊನೆಯದು 4, ಗುಣಿಸಿದರೆ 28. ಏಳು ಗುಳಿ, ಗುಳಿಗೆ ನಾಲ್ಕು. 1+2+4+8 = 15 ಅವಿಭಾಜ್ಯವಲ್ಲ, ಅಲ್ಲಿ ಲೆಕ್ಕ ತಪ್ಪುತ್ತದೆ: 8×15 = 120ರ ಅಪವರ್ತನಗಳ ಮೊತ್ತ 240 ಆಗುತ್ತದೆ. 1+2+4+8+16 = 31 ಅವಿಭಾಜ್ಯ, 16×31 = 496. ಸಮಸಂಖ್ಯೆಗಳಲ್ಲಿ ಇದೊಂದೇ ದಾರಿ, ಬೇರೆ ಬಗೆಯ ಪರಿಪೂರ್ಣ ಸಂಖ್ಯೆ ಇಲ್ಲ ಅಂತ ಸಾಧಿಸಿದವನು ಆಯ್ಲರ್, ಹದಿನೆಂಟನೇ ಶತಮಾನದಲ್ಲಿ.

ಇಲ್ಲಿಯ ತನಕ ಸಿಕ್ಕಿರುವ ಪರಿಪೂರ್ಣ ಸಂಖ್ಯೆಗಳು ಬರೀ 52. ಕೊನೆಯದು 2024ರ ಅಕ್ಟೋಬರಿನಲ್ಲಿ ಸಿಕ್ಕಿತು, ಅದರಲ್ಲಿ 8 ಕೋಟಿಗೂ ಹೆಚ್ಚು ಅಂಕೆಗಳಿವೆ. ಬೆಸಸಂಖ್ಯೆಗಳಲ್ಲಿ ಪರಿಪೂರ್ಣವಾದದ್ದು ಒಂದಾದರೂ ಇದೆಯೇ? ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತ ಸಾಧಿಸಲೂ ಯಾರಿಗೂ ಆಗಿಲ್ಲ. ಗಣಿತದ ಬಹಳ ಹಳೆಯ ಬಗೆಹರಿಯದ ಪ್ರಶ್ನೆಗಳಲ್ಲಿ ಇದೂ ಒಂದು. ಫೇಲಾದವರಿಗೆ ಇದು ಕೇಳಲು ಹಿತ.

28ರ ಇನ್ನೂ ಕೆಲವು ಗುಣಗಳನ್ನು ಮುಂದಿನ ದಿನಗಳಲ್ಲಿ ಇಬ್ಬರೂ ಸೇರಿ ಹುಡುಕಿದೆವು. ಮಣೆಯ ಒಂದು ಸಾಲಿನ ಮೊದಲ ಗುಳಿಗೆ 1 ಕಾಯಿ, ಎರಡನೆಯದಕ್ಕೆ 2, ಹೀಗೆ ಏಳನೆಯದಕ್ಕೆ 7 ಹಾಕಿ ನೋಡಿ, ಸರಿಯಾಗಿ 28 ಮುಗಿಯುತ್ತದೆ. 1ರ ಘನ ಮತ್ತು 3ರ ಘನ ಕೂಡಿದರೂ 28. ಕಂಪ್ಯೂಟರ್ ಸೈನ್ಸಿನವರು ಬೈನರಿಯಲ್ಲಿ ಬರೆಯಿರಿ: 6 ಅಂದರೆ 110, 28 ಅಂದರೆ 11100, 496 ಅಂದರೆ 111110000. ಎಷ್ಟು ಒಂದು ಇವೆಯೋ ಅದಕ್ಕಿಂತ ಒಂದು ಕಡಿಮೆ ಸೊನ್ನೆ. ಕ್ಯಾಲೆಂಡರಿನಲ್ಲೂ ಇದೇ ನಾಲ್ಕು ಮತ್ತು ಏಳು. ಅಧಿಕ ವರ್ಷ ನಾಲ್ಕಕ್ಕೊಮ್ಮೆ, ವಾರಕ್ಕೆ ಏಳು ದಿನ. ಪ್ರತಿ ವರ್ಷ ವಾರ ಒಂದು ದಿನ ಮುಂದೆ ಸರಿಯುತ್ತದೆ, ಅಧಿಕ ವರ್ಷದಲ್ಲಿ ಇನ್ನೊಂದು ದಿನ ಜಾಸ್ತಿ. 28 ವರ್ಷಕ್ಕೆ 28+7 = 35 ದಿನ, ಸರಿಯಾಗಿ ಐದು ವಾರ. ಅದಕ್ಕೇ 2025ರ ತಾರೀಕು-ವಾರಗಳೆಲ್ಲ 1997ರ ಹಾಗೆಯೇ ಇದ್ದವು.

ಹಾಗಾದರೆ ಚೆನ್ನೆಮಣೆ ಮಾಡಿದ ಹಿರಿಯರಿಗೆ ಯೂಕ್ಲಿಡ್ ಗೊತ್ತಿತ್ತಾ? ವಾಟ್ಸಾಪ್ ಫಾರ್ವರ್ಡ್ ಆಗಿದ್ದರೆ ಗೊತ್ತಿತ್ತು ಅಂತಲೇ ಬರುತ್ತಿತ್ತು. ನಾವು ಹಾಗೆ ಹೇಳುವುದಿಲ್ಲ. ಈ ಜಾತಿಯ ಆಟ ಆಫ್ರಿಕಾದಲ್ಲೂ ಏಷ್ಯಾದ ಬೇರೆ ಕಡೆಗಳಲ್ಲೂ ಉಂಟು. ಘಾನಾದ ಒವಾರೆ ಆಟದಲ್ಲಿ ಸಾಲಿಗೆ ಆರು ಗುಳಿ, ಗುಳಿಗೆ ನಾಲ್ಕು, ಒಬ್ಬರಿಗೆ 24. ಆ 24 ಪರಿಪೂರ್ಣವಲ್ಲ, ಆದರೂ ಆಟ ಚೆನ್ನಾಗಿಯೇ ನಡೆಯುತ್ತದೆ. ನಮ್ಮಲ್ಲಿ 28 ಬಂದದ್ದು ಕಾಕತಾಳೀಯ ಅಂತಲೇ ನಮಗೆ ಕಾಣುತ್ತದೆ. ಆದರೂ ಚೆನ್ನೆ ಬರೀ ಹೊತ್ತು ಕಳೆಯುವ ಆಟವಲ್ಲ ಅನ್ನುವವರಿದ್ದಾರೆ. ಸಿರಿ ಪಾಡ್ದನದ ಮೇಲೆ ಕೆಲಸ ಮಾಡಿದ ಅಮೆರಿಕದ ವಿದ್ವಾಂಸ ಪೀಟರ್ ಕ್ಲಾಸ್ ಈ ಆಟದ ಅರ್ಥಗಳ ಮೇಲೇ ಒಂದು ಲೇಖನ ಬರೆದಿದ್ದಾರೆ. ಅದು ಪ್ರಕಟವಾದದ್ದು ನಮ್ಮ ಎ. ಕೆ. ರಾಮಾನುಜನ್ ಸಂಪಾದಕರಲ್ಲೊಬ್ಬರಾಗಿದ್ದ, 1986ರ ಒಂದು ಪುಸ್ತಕದಲ್ಲಿ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ಇಲ್ಲಿಯ ಕ್ರಮ. ಬಾಯೆಲ್ಲ ಕಹಿ. ಮೆಂತೆ ಗಂಜಿ ಕೊಡುವ ಮೊದಲು ಅಜ್ಜಿ ಅಂದರು, “ಹೇಗೂ ಕಹಿ ಕುಡಿದಾಗಿದೆ. ಅಮ್ಮನಿಗೆ ಫೋನ್ ಮಾಡಿ ಬನ್ನಿ.” ಮತ್ತೆ ಬಾವಿಕಟ್ಟೆ, ಅದೇ ಒಂದು ಕೊಡೆ. ಈ ಸಲ ಫೋನ್ ಹಿಡಿದವಳು 28ರವಳು. “ಅಮ್ಮ, ನಾವು ಪಾಸಲ್ಲ. ಅವಳು ಪಾಸು. ನಾನು ಫೇಲು.” ನಮಗೆ ನೆನಪಿರುವ ಹಾಗೆ ಅಮ್ಮನ ಎದುರು ನಮ್ಮಲ್ಲೊಬ್ಬಳು ಗಟ್ಟಿಯಾಗಿ ‘ನಾನು’ ಅಂದದ್ದು ಅದೇ ಮೊದಲು. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, “ಮರುಪರೀಕ್ಷೆಗೆ ಫೀಸ್ ಎಷ್ಟು?” ಮತ್ತೆ ನಮಗಿಬ್ಬರಿಗೂ ಬೈದರು. ಸುಳ್ಳು ಹೇಳಿದ್ದಕ್ಕೆ, ಫೇಲಾದದ್ದಕ್ಕಲ್ಲ.

ಮರುಪರೀಕ್ಷೆಗೆ ನಾವಿಬ್ಬರೂ ಓದಿದೆವು. ಒಬ್ಬಳು ಬರೆಯಲು, ಇನ್ನೊಬ್ಬಳು ಹೇಳಿಕೊಡಲು. ಹೇಳಿಕೊಡುವಾಗ ಗೊತ್ತಾಯಿತು, 81 ತೆಗೆದವಳಿಗೂ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಾಯಿಪಾಠ ಬರುತ್ತಿತ್ತೇ ಹೊರತು ಅರ್ಥವಾಗಿರಲಿಲ್ಲ. “ಯಾಕೆ ಹೀಗೆ?” ಅಂತ ಕೇಳುತ್ತಾ ಕೂರುವವಳು 28ರವಳು. ಮೊದಲ ಸಲ ಪರೀಕ್ಷೆಯಲ್ಲಿ ಅವಳಿಗೆ ಹೊತ್ತು ಸಾಲದೆ ಹೋದದ್ದೂ ಅದಕ್ಕೇ ಇರಬೇಕು.

ರಿಸಲ್ಟ್ ಬಂತು. 41.

ಫೋನಿನಲ್ಲಿ ಅಜ್ಜಿಗೆ ಹೇಳಿದೆವು. ಅವರ ಕಣ್ಣು ಈಗ ಚೆನ್ನಾಗಿ ಕಾಣುತ್ತದಂತೆ. ಅಟ್ಟದ ಮೂಲೆಯಲ್ಲಿ ಐವತ್ತಾರನೇ ಮಂಜೊಟ್ಟಿಯೂ ಸಿಕ್ಕಿತಂತೆ, ಆದರೂ ಹುಣಸೆ ಬೀಜವನ್ನು ಎಸೆದಿಲ್ಲವಂತೆ. “ನಲವತ್ತೊಂದು ಯಾವ ಮಗ್ಗಿಯಲ್ಲೂ ಬರುವುದಿಲ್ಲವಲ್ಲ ಮಗಾ” ಅಂದರು. ಹೌದು ಅಜ್ಜಿ, ಅದು ಪರಿಪೂರ್ಣವಲ್ಲ. ಒಂದರಿಂದಲೂ ತನ್ನಿಂದಲೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಅದಕ್ಕೆ ಅವಿಭಾಜ್ಯ ಅನ್ನುತ್ತಾರೆ. ನಮಗೆ ಸದ್ಯಕ್ಕೆ ಅಷ್ಟು ಸಾಕು.